ರಾಜಧಾನಿಯ ಹಿಂಬಾಗಿಲು

ಕಕ್ಕಬೆಗೆ ನಾನು ಬಂದಿದ್ದು ಒಂದು ಜೂನ್ ತಿಂಗಳಲ್ಲಿ, ಸಮಾಜ ವಿಜ್ಞಾನದ ಮೇಷ್ಟ್ರಾಗಿ. ನಮ್ಮೂರು ಚಳ್ಳಕೆರೆ ಕಡೆ. ವರ್ಷಕ್ಕೆ ನಾಲ್ಕು ಒಳ್ಳೆ ಮಳೆ ಬಂದರೆ ಹಬ್ಬ ಮಾಡುವ ಜನ ನಾವು. ಇಲ್ಲಿ ಬಸ್ಸಿಂದ ಇಳಿದ ದಿನ ಹಿಡಿದ ಮಳೆ ಬಿಟ್ಟಿದ್ದು ಸೆಪ್ಟೆಂಬರಿನಲ್ಲಿ. (ಸ್ವಲ್ಪ ಉತ್ಪ್ರೇಕ್ಷೆ ಇದೆ. ಆದರೆ ಸ್ವಲ್ಪವೇ! :) ) ತಂದಿದ್ದ ಒಂದೇ ಒಂದು ಕೊಡೆ ಎರಡನೇ ವಾರಕ್ಕೇ ಕೈಕೊಟ್ಟಿತು.

ಕೊಡಗಿನ ಇತಿಹಾಸ ನನಗೆ ಗೊತ್ತು ಅಂತ ತಿಳಿದುಕೊಂಡೇ ಬಂದವನು ನಾನು. ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಕೊಡಗಿನ ರಾಜಧಾನಿ ಮಡಿಕೇರಿ. ಎರಡು, ಕಾಲೇಜಿನಲ್ಲಿ ಓದಿದ್ದ ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಅಷ್ಟು ಬಂಡವಾಳ ಇಟ್ಟುಕೊಂಡು, ಮಳೆ ಸ್ವಲ್ಪ ಬಿಡುವು ಕೊಟ್ಟ ಭಾನುವಾರಗಳಲ್ಲಿ ನಾಪೋಕ್ಲು ಮೇಲಿಂದ ಬಸ್ಸು ಹಿಡಿದು ಮಡಿಕೇರಿಗೆ ಹೋಗತೊಡಗಿದೆ. ರಾಜಧಾನಿಯನ್ನು ನೋಡಿಬಿಡೋಣ ಅಂತ.

ಮೊದಲ ಸಲ ನಿರಾಸೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಮೈಸೂರಿನ ಅರಮನೆ, ಹಂಪಿಯ ಬಯಲು ನೋಡಿದ ಕಣ್ಣಿಗೆ ಮಡಿಕೇರಿ ಎಲ್ಲಿ ರಾಜಧಾನಿ ಅನ್ನಿಸೀತು? ಏರು, ಇಳಿಜಾರು, ಮಂಜು, ಕಾಫಿಪುಡಿ ಅಂಗಡಿ, ರಾಜಾಸೀಟಿನಲ್ಲಿ ಫೋಟೋ ತೆಗೆಸಿಕೊಳ್ಳುವ ಜನ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ, ಅವನ ಹೆಸರಿನಿಂದಲೇ 'ಮುದ್ದುರಾಜಕೇರಿ' ಆಗಿ ಮುಂದೆ ಮಡಿಕೇರಿ ಆಯಿತು ಅನ್ನುತ್ತಾರೆ. ಅವನು ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನ ಕೋಟೆ ಟಿಪ್ಪುವಿನ ಕಾಲದ್ದು. ಆಗ ಊರಿಗೆ ಜಾಫರಾಬಾದ್ ಅಂತ ಹೆಸರೂ ಇಟ್ಟಿದ್ದರಂತೆ. 1790ರಲ್ಲಿ ದೊಡ್ಡ ವೀರರಾಜೇಂದ್ರ ಕೋಟೆಯನ್ನು ವಾಪಸು ಪಡೆದ. ಈಗ ಕಾಣುವ ಅರಮನೆ ಅವನ ತಮ್ಮ ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕಟ್ಟಿಸಿದ್ದು. ಓಂಕಾರೇಶ್ವರ ದೇವಸ್ಥಾನವೂ ಅವನದೇ, 1820ರದು.

ಎರಡು ಮೂರು ಸಲ ಹೋದ ಮೇಲೆ ಒಂದು ವಿಷಯ ತಲೆಗೆ ಹತ್ತಿತು. ಈ ಊರಿನಲ್ಲಿ ಒಬ್ಬರ ಆಳ್ವಿಕೆಯ ಮೇಲೆ ಇನ್ನೊಬ್ಬರ ಆಳ್ವಿಕೆ ಕೂತಿದೆ. ಕೋಟೆಯೊಳಗೆ ಎರಡು ಗಾರೆಯ ಆನೆಗಳಿವೆ. ಅಲ್ಲೇ ವೀರಭದ್ರ ದೇವಸ್ಥಾನ ಇದ್ದ ಜಾಗದಲ್ಲಿ ಇಂಗ್ಲಿಷರು 1850ರ ದಶಕದಲ್ಲಿ ಚರ್ಚು ಕಟ್ಟಿದರು. ಆ ಚರ್ಚು 1971ರಲ್ಲಿ ಮುಚ್ಚಿ ಆಮೇಲೆ ವಸ್ತುಸಂಗ್ರಹಾಲಯ ಆಯಿತು. ಊರಾಚೆ ಗದ್ದಿಗೆಯಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ ಮಲಗಿದ್ದಾರೆ. ಪಕ್ಕದಲ್ಲಿ ಲಿಂಗರಾಜೇಂದ್ರ. ಗುಮ್ಮಟ, ಮಿನಾರು ನೋಡಿದರೆ ಮುಸಲ್ಮಾನರ ಗೋರಿ ಅನ್ನಿಸಬೇಕು. ಆದರೆ ಕತ್ತೆತ್ತಿ ನೋಡಿದರೆ ಮೂಲೆಮೂಲೆಯಲ್ಲಿ ನಂದಿ! ಒಳಗಿರುವವರು ಲಿಂಗಾಯತ ಅರಸರು.

ಇನ್ನೊಂದು ಗೊತ್ತಾ? ಮಡಿಕೇರಿ ರಾಜಧಾನಿಯಾಗಿದ್ದದ್ದು ರಾಜರ ಕಾಲಕ್ಕೆ ಮುಗಿಯಲಿಲ್ಲ. ಸ್ವಾತಂತ್ರ್ಯದ ನಂತರ ಕೊಡಗು 'ಸಿ' ದರ್ಜೆಯ ರಾಜ್ಯವಾಗಿತ್ತು. 1952ರಲ್ಲಿ 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದು ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಮಡಿಕೇರಿ ಒಂದು ರಾಜ್ಯದ ರಾಜಧಾನಿಯೇ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ ಅಂದರೆ ಮರ್ಯಾದೆ ಪ್ರಶ್ನೆ, ಆದ್ದರಿಂದ ಯಾರಿಗೂ ಹೇಳಿರಲಿಲ್ಲ.

ಇಷ್ಟೆಲ್ಲ ನೋಡಿಕೊಂಡು ಬಂದು ಒಂದು ಸಂಜೆ ನಮ್ಮ ಬಾಡಿಗೆ ಮನೆಯ ಪಕ್ಕದ ಅಜ್ಜನ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಎಂಬತ್ತು ದಾಟಿದ ಜೀವ. ಒಣಗಲು ಹರವಿದ ಕಾಫಿಯನ್ನು ಕಾಲಲ್ಲಿ ಸರಿಸುತ್ತಾ ಎಲ್ಲ ಕೇಳಿಸಿಕೊಂಡರು. ನಾನು ಕೊನೆಗೆ, "ಏನೇ ಆಗಲಿ ಅಜ್ಜ, ಕೊನೇ ರಾಜ ಚಿಕ್ಕವೀರ ಮಾತ್ರ ಅಯೋಗ್ಯ, ಅವನಿಂದಲೇ ರಾಜ್ಯ ಹೋಯಿತು" ಅಂದೆ.

"ಮಾಸ್ಟ್ರೇ, ನೀವು ಓದಿದ್ದು ಕಾದಂಬರಿ ಅಲ್ವಾ?" ಅಂದರು.

ಹೌದು ಅಂದೆ.

"ಮಡಿಕೇರಿಗೆ ಎಷ್ಟು ಸಲ ಹೋಗಿ ಬಂದ್ರಿ?"

"ಏಳೆಂಟು ಸಲ."

"ನಮ್ಮ ನಾಲ್ಕುನಾಡು ಅರಮನೆಗೆ?"

ನಾನು ಸುಮ್ಮನಾದೆ. ಶಾಲೆಯಿಂದ ಮೂರ್ನಾಲ್ಕು ಕಿಲೋಮೀಟರು. ಒಂದು ಸಲವೂ ಹೋಗಿರಲಿಲ್ಲ. ಮನೆ ಹತ್ತಿರದ್ದು ಅಲ್ಲೇ ಇರುತ್ತದಲ್ಲ, ಯಾವಾಗ ಬೇಕಾದರೂ ನೋಡಬಹುದು ಅಂತ!

ಮರುದಿನವೇ ಹೋದೆ. ಕೈಕಂಬದಿಂದ ತಡಿಯಂಡಮೋಳ್ ಬೆಟ್ಟಕ್ಕೆ ಹೋಗುವ ಏರು ಹಾದಿ. ಕೊಡಗಿನ ಅತಿ ಎತ್ತರದ ಬೆಟ್ಟ ಅದು, 1748 ಮೀಟರು. ಅದರ ಬುಡದಲ್ಲಿ ಅರಮನೆ. ಅರಮನೆ ಅಂದರೆ ದೊಡ್ಡ ಕಲ್ಪನೆ ಬೇಡ. ಎರಡು ಅಂತಸ್ತಿನ ಮನೆ, ಮರದ ಕಂಬ, ಮರದ ಸೂರು, ಗೋಡೆಯ ಮೇಲೆ ಮಾಸಿಹೋದ ಚಿತ್ರಗಳು. ಚಿತ್ರಗಳ ಪಕ್ಕದಲ್ಲೇ ನಮ್ಮ ಪ್ರೇಮಿಗಳು ಮೊಳೆಯಿಂದ ಕೊರೆದಿಟ್ಟ ಹೆಸರುಗಳು. ಅದರ ಬಗ್ಗೆ ಬರೆಯತೊಡಗಿದರೆ ಸಿಟ್ಟು ಬರುತ್ತದೆ, ಬಿಡಿ. ಮುಂದೆ ಒಂದು ಪುಟ್ಟ ಮಂಟಪ. ದೊಡ್ಡ ವೀರರಾಜೇಂದ್ರನಿಗೂ ಮಹದೇವಮ್ಮಾಜಿಗೂ 1796ರಲ್ಲಿ ಇಲ್ಲೇ ಮದುವೆ ಆಯಿತು. ಗದ್ದಿಗೆಯಲ್ಲಿ ನೋಡಿದ್ದ ಅದೇ ಇಬ್ಬರು! ಮಡಿಕೇರಿಯಲ್ಲಿ ಅವರ ಕೊನೆ ನೋಡಿದ್ದೆ, ಮೊದಲು ನನ್ನ ಶಾಲೆಯ ಪಕ್ಕದಲ್ಲೇ ಇತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಂಟಪವಲ್ಲ, ಒಳಗಿನ ಕತ್ತಲೆ. ಇಕ್ಕಟ್ಟಿನ ಓಣಿ, ಬೆಳಕೇ ಬಾರದ ಕೋಣೆಗಳು. ಗೊತ್ತಿಲ್ಲದವನು ಒಳಗೆ ನುಗ್ಗಿದರೆ ದಿಕ್ಕು ತಪ್ಪಬೇಕು, ಗೊತ್ತಿದ್ದವನು ಮರೆಯಲ್ಲಿ ಕಾದು ನಿಲ್ಲಬೇಕು, ಹಾಗಿದೆ. ಇದನ್ನು ಕಟ್ಟಿಸಿದ್ದು 1792ರಿಂದ 1794ರ ನಡುವೆ. ಅಂದರೆ ದೊಡ್ಡ ವೀರರಾಜೇಂದ್ರ ಗೆದ್ದ ಮೇಲೆ! ಮಡಿಕೇರಿ ಕೋಟೆ ಕೈಗೆ ಬಂದಾಗಿತ್ತು. ಗೆದ್ದ ರಾಜನಿಗೆ ಕಾಡಿನ ನಡುವೆ ಕತ್ತಲೆ ಕೋಣೆ ಯಾಕೆ?

ಹಿಂದಿನ ಕತೆ ನೋಡಿದರೆ ಅರ್ಥವಾಗುತ್ತದೆ. ಹೈದರನ ಕಾಲದಲ್ಲಿ ಅರಸು ಮಕ್ಕಳನ್ನು ಹಿಡಿದು ಗೊರೂರಿಗೆ ಕಳಿಸಿದರು, ಆಮೇಲೆ ಪಿರಿಯಾಪಟ್ಟಣದಲ್ಲಿ ಇಟ್ಟರು. ವೀರರಾಜ ಅಲ್ಲಿಂದ ಕೊಡವರ ಸಹಾಯದಿಂದ ತಪ್ಪಿಸಿಕೊಂಡು ಬಂದಿದ್ದು 1788ರ ಡಿಸೆಂಬರಿನಲ್ಲಿ. ಸೆರೆಯಲ್ಲಿ ಬೆಳೆದವನು ಅವನು. ಕೋಟೆ ಎಷ್ಟು ಗಟ್ಟಿಯಿದ್ದರೂ ಒಂದು ದಿನ ಬಿಟ್ಟು ಓಡಬೇಕಾದೀತು ಅಂತ ಅಂಥವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಗಾಗಿ ರಾಜಧಾನಿಗೆ ಒಂದು ಹಿಂಬಾಗಿಲು ಮಾಡಿಕೊಂಡ. ಮಡಿಕೇರಿಯಿಂದ ಸುಮಾರು ನಲವತ್ತು ಕಿಲೋಮೀಟರು ಆಚೆಗೆ, ಕಕ್ಕಬೆಯಲ್ಲಿ.

ಆ ಬಾಗಿಲು ಉಪಯೋಗಕ್ಕೆ ಬಂದಿದ್ದು ಅವನಿಗಲ್ಲ. ನಲವತ್ತು ವರ್ಷದ ನಂತರ ಅವನ ತಮ್ಮನ ಮಗ ಚಿಕ್ಕವೀರರಾಜೇಂದ್ರನಿಗೆ. 1832ರಲ್ಲಿ ಅವನ ತಂಗಿ ದೇವಮ್ಮಾಜಿ ಗಂಡ ಚೆನ್ನಬಸಪ್ಪನ ಜತೆ ಮೈಸೂರಿನ ಇಂಗ್ಲಿಷ್ ರೆಸಿಡೆಂಟನ ಆಶ್ರಯಕ್ಕೆ ಓಡಿಹೋದಳು. ವಾಪಸು ಕಳಿಸಿ ಅಂದ ರಾಜ, ಆಗುವುದಿಲ್ಲ ಅಂದರು ಕಂಪನಿಯವರು. ಮನೆಜಗಳ ಯುದ್ಧಕ್ಕೆ ತಿರುಗಿತು. 1834ರ ಏಪ್ರಿಲಿನಲ್ಲಿ ಕಂಪನಿಯ ಸೇನೆ ಹಲವು ಕಡೆಯಿಂದ ಕೊಡಗಿಗೆ ನುಗ್ಗಿತು. ರಾಜ ಮಡಿಕೇರಿ ಬಿಟ್ಟು ಇಲ್ಲಿಗೆ ಬಂದು ಕೂತ.

ನನಗೆ ಗೊತ್ತಿಲ್ಲದಿದ್ದ ಭಾಗ ಇನ್ನು ಮುಂದೆ. ಕೊಡಗಿನವರು ಸುಮ್ಮನೆ ಸೋಲಲಿಲ್ಲ. ಉತ್ತರದ ಬಕ್ಕದಲ್ಲಿ ಮಾದಂಡ ಅಪ್ಪಚ್ಚು ಮತ್ತು ಅವನ ಜನ ಕಂಪನಿಯ ಪಡೆಯನ್ನು ಹೊಡೆದು ಹಿಂದೆ ಅಟ್ಟಿದರು. ಕುಂಬಳೆ ಕಡೆಯಿಂದ ಬಂದ ಪಡೆಯೂ ಹಿಮ್ಮೆಟ್ಟಿತು. ಆದರೆ ಪೂರ್ವದಿಂದ ಬಂದ ಸೇನೆಯನ್ನು ದಿವಾನ ಅಪ್ಪಾರಂಡ ಬೋಪು ತಾನೇ ಎದುರುಗೊಂಡು ಮಡಿಕೇರಿಗೆ ಕರೆತಂದ. ಏಪ್ರಿಲ್ 6ರಂದು ಕೋಟೆಯ ಮೇಲೆ ಕಂಪನಿಯ ಬಾವುಟ ಹಾರಿತು. ನಾಲ್ಕು ದಿನ ಕಳೆದು ರಾಜ ಈ ಅರಮನೆಯಿಂದ ಇಳಿದು ಮಡಿಕೇರಿಗೆ ಹೋಗಿ ಶರಣಾದ.

ಸಂಜೆ ಅಜ್ಜನಿಗೆ ಇದನ್ನೆಲ್ಲ ಹೇಳಿದಾಗ ಅವರು ನಿಧಾನಕ್ಕೆ ಅಂದಿದ್ದು ಇಷ್ಟು: "ಬಕ್ಕದಲ್ಲಿ ಗೆದ್ದು ನಿಂತವರಿಗೆ ಯಾರು ಹೇಳಿರಬೇಕು ಮಾಸ್ಟ್ರೇ, ನಾವು ಸೋತಿದ್ದೇವೆ ಅಂತ?"

ಆ ಪ್ರಶ್ನೆಗೆ ಉತ್ತರ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಮೇ 7ರ ಘೋಷಣೆಯಲ್ಲಿ, ಜನರ ಒಕ್ಕೊರಲಿನ ಇಚ್ಛೆಯಂತೆ ಕೊಡಗನ್ನು ಕಂಪನಿಗೆ ಸೇರಿಸಿಕೊಂಡಿದ್ದೇವೆ ಅಂತ ಬರೆದರು. ಜನರೇ ಕೇಳಿಕೊಂಡರಂತೆ! ಹಾಗಿದ್ದರೆ ಮೂರೇ ವರ್ಷಕ್ಕೆ, 1837ರಲ್ಲಿ ಅಮರ ಸುಳ್ಯದಲ್ಲಿ ಜನ ಯಾಕೆ ದಂಗೆ ಎದ್ದರು? ಅದೇ ಮಡಿಕೇರಿ ಕೋಟೆಯಲ್ಲಿ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಯಾಕೆ ಗಲ್ಲಿಗೆ ಹಾಕಿದರು? ರಾಜ ಒಳ್ಳೆಯವನಿದ್ದ ಅಂತ ನಾನು ಹೇಳುತ್ತಿಲ್ಲ. ಅವನ ಕ್ರೌರ್ಯದ ಕತೆಗಳಲ್ಲಿ ಹೆಚ್ಚಿನವನ್ನು ಬರೆದಿಟ್ಟವರು ಅವನ ರಾಜ್ಯ ತೆಗೆದುಕೊಂಡ ಕಡೆಯವರು ಅನ್ನುವುದನ್ನು ಮಾತ್ರ ನಾನು ಯಾವತ್ತೂ ಯೋಚಿಸಿರಲಿಲ್ಲ. ಅವನು ವೆಲ್ಲೂರು, ಕಾಶಿ ಅಂತ ಅಲೆದು 1852ರಲ್ಲಿ ಮಗಳು ಗೌರಮ್ಮನ ಜತೆ ಇಂಗ್ಲೆಂಡಿಗೆ ಹೋದ. ದೊಡ್ಡಪ್ಪ ಕಂಪನಿಯಲ್ಲಿ ಇಟ್ಟಿದ್ದ ಹಣಕ್ಕಾಗಿ ಅದೇ ಕಂಪನಿಯ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿದ. ಗೌರಮ್ಮ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆಯಾಗಿ ನಿಂತಳು. ರಾಜ ಸತ್ತಿದ್ದು 1859ರಲ್ಲಿ, ಲಂಡನ್ನಿನಲ್ಲೇ. ಮಡಿಕೇರಿಯ ಗದ್ದಿಗೆಯಲ್ಲಿ ಅವನಿಗೆ ಜಾಗ ಸಿಗಲಿಲ್ಲ.

ಮುಂದಿನ ವಾರ ಮಕ್ಕಳನ್ನೇ ಅರಮನೆಗೆ ಕರೆದುಕೊಂಡು ಹೋದೆ. 1834ರ ಪಾಠ ಅಲ್ಲೇ ಮಂಟಪದ ಮುಂದೆ. ನಾನು ಹೇಳುತ್ತಿದ್ದಾಗ ಒಬ್ಬಳು ಹುಡುಗಿ ಕೈ ಎತ್ತಿದಳು. "ಸಾರ್, ರಾಜ ಇಲ್ಲಿ ಕೂತಿದ್ದಾಗ ನಮ್ಮೂರಿನವರು ಏನು ಮಾಡ್ತಿದ್ರು?"

ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುವುದಿಲ್ಲ. ಬರಬೇಕಿತ್ತು. "ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರೆದು ತನ್ನಿ" ಅಂದೆ. ಮರುವಾರ ಹದಿನಾಲ್ಕು ಪುಸ್ತಕ ಮೇಜಿನ ಮೇಲೆ ಬಿದ್ದವು. ಒಂದರ ಕತೆ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ರಾಜ ಕೆಲವರಿಗೆ ದೇವರು, ಕೆಲವರಿಗೆ ರಾಕ್ಷಸ. ಕೆಂಪು ಪೆನ್ನು ಹಿಡಿದು ಕೂತವನು ಯಾವುದಕ್ಕೂ ತಪ್ಪು ಹಾಕದೆ ಎತ್ತಿಟ್ಟೆ.

ನೀವು ಯಾರಾದರೂ ಮಡಿಕೇರಿಗೆ ಬಂದರೆ ರಾಜಾಸೀಟು ನೋಡಿ, ಬೇಡ ಅನ್ನುವುದಿಲ್ಲ. ಕೋಟೆ, ಗದ್ದಿಗೆ ಎರಡನ್ನೂ ಬಿಡಬೇಡಿ. ಆಮೇಲೆ ಒಂದು ದಿನ ಉಳಿಸಿಕೊಂಡು ನಾಪೋಕ್ಲು ದಾರಿಯಲ್ಲಿ ಕಕ್ಕಬೆಗೂ ಬನ್ನಿ. ಇಗ್ಗುತ್ತಪ್ಪನಿಗೆ ಕೈಮುಗಿದು, ಅರಮನೆಯ ಆ ಕತ್ತಲೆ ಕೋಣೆಯಲ್ಲಿ ಐದು ನಿಮಿಷ ನಿಂತು ಹೋಗಿ. ಕೊಡೆ ಮಾತ್ರ ಎರಡು ತನ್ನಿ. :)