ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ

ಹುಟ್ಟಿದ ಕೂಸಿಗೆ ನಮ್ಮೂರಲ್ಲಿ ಜೇನು ನೆಕ್ಕಿಸ್ತಾರೆ, ಇಲ್ಲಿ ನಾಗಪುರದಲ್ಲಿ ಬಾಳಘುಟಿ ಕೊಡ್ತಾರೆ. ಆದರೆ ಕೆಲವು ಕೂಸುಗಳ ಅನ್ನನಾಳ ಅರ್ಧಕ್ಕೇ ಮುಚ್ಚಿರುತ್ತೆ. ಕೆಳಗಿನ ತುಂಡು ಹೆಚ್ಚಾಗಿ ಶ್ವಾಸನಾಳಕ್ಕೆ ಅಂಟಿರುತ್ತೆ. ಮೇಲಿಂದ ಜೊಲ್ಲು, ಕೆಳಗಿಂದ ಹೊಟ್ಟೆಯ ಹುಳಿ, ಎರಡೂ ಶ್ವಾಸಕೋಶಕ್ಕೆ ನುಗ್ಗುತ್ತವೆ.

1697ರಲ್ಲೇ ಇಂಗ್ಲೆಂಡಿನ ಥಾಮಸ್ ಗಿಬ್ಸನ್ ಇದನ್ನು ಬರೆದಿಟ್ಟಿದ್ದ. ಎರಡು ತುದಿಗಳನ್ನು ಒಂದೇ ಸಲಕ್ಕೆ ಹೊಲಿದು ಮಗು ಉಳಿದದ್ದು ಮಾತ್ರ 1941ರಲ್ಲಿ, ಅಮೆರಿಕದ ಮಿಶಿಗನ್‌ನಲ್ಲಿ, ಕ್ಯಾಮರಾನ್ ಹೈಟ್ ಕೈಯಲ್ಲಿ. ನಮ್ಮ ನಾಗಪುರದ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದ 1947ರಲ್ಲಿ ಆ ವಿದ್ಯೆಗೆ ಆರೇ ವರ್ಷ ವಯಸ್ಸು!

ಹೊಲಿಗೆ ಗೆದ್ದರೂ ಶ್ವಾಸನಾಳದ ಗೋಡೆ ಮೆತ್ತಗೇ ಇರಬಹುದು. ಬೊಗಳಿದಂಥ ಕೆಮ್ಮು ವರ್ಷಗಟ್ಟಲೆ ಉಳಿಯಬಹುದು. ಅದಕ್ಕೆ ತಾಯಿಯನ್ನು ದೂರಬೇಡಿ. ಬಾಯಲ್ಲಿ ನೊರೆ ನಿಲ್ಲದ ಕೂಸಿಗೆ ಏನೂ ಕುಡಿಸದೆ ಮೊದಲು ಆಸ್ಪತ್ರೆಗೆ ಓಡಿ.