ನೀಲಕಂಠದ ರೆಕ್ಕೆಯಲ್ಲಿ ನೀಲಿ ಬಣ್ಣವೇ ಇಲ್ಲ!

ಹೊಲದ ಕರೆಂಟ್ ತಂತಿ ಮೇಲೆ ಕೂತಿರುವ ನೀಲಕಂಠ ಹಾರಿದ ಕೂಡಲೇ ರೆಕ್ಕೆಯಲ್ಲಿ ನೀಲಿ ಮಿಂಚುತ್ತದೆ. ನಮ್ಮ ರಾಜ್ಯಪಕ್ಷಿ ಇದು. ಆದರೆ ಆ ನೀಲಿ ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ, ಕಂದು ಪುಡಿ ಸಿಗುತ್ತದೆ. ಹಾಗಾದರೆ ನೀಲಿ ಎಲ್ಲಿತ್ತು?

ಈ ಪ್ರಶ್ನೆ ಹಳೆಯದು. 1665ರಲ್ಲೇ ಲಂಡನ್ನಿನ ರಾಬರ್ಟ್ ಹುಕ್ ನವಿಲುಗರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನೀರು ತಾಗಿದರೆ ಅದರ ಬಣ್ಣ ಮಾಯವಾಗುವುದನ್ನು ಬರೆದಿಟ್ಟ. ಬಳಿದ ಬಣ್ಣ ಹಾಗೆ ಮಾಯವಾಗಿ ಮತ್ತೆ ಬರುವುದಿಲ್ಲ.

1933ರಲ್ಲಿ ಸರ್ ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಮುಂದಿನ ಒಂದೆರಡು ವರ್ಷದಲ್ಲೇ ನೀಲಕಂಠದ ಗರಿಗಳನ್ನು ಪರೀಕ್ಷಿಸಿದರು. ಬೆಳಕು ಚದುರಿ ಆಕಾಶ ನೀಲಿಯಾಗುತ್ತದಲ್ಲ, ಗರಿಯೂ ಹಾಗೆಯೇ ಎಂದು ಆಗ ಎಲ್ಲರೂ ನಂಬಿದ್ದರು. ಅಷ್ಟರಿಂದಲೇ ಈ ಬಣ್ಣ ಬರಲಾರದು ಎಂದರು ರಾಮನ್.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಗುಟ್ಟು ಬಯಲಾಯಿತು. ಇಂಥ ನೀಲಿ ಗರಿಯೊಳಗೆ ಸ್ಪಂಜಿನಂಥ ರಚನೆ ಇದೆ. ಅದರ ಗಾಳಿಗುಳ್ಳೆಗಳು ನಮ್ಮ ತಲೆಗೂದಲಿನ ದಪ್ಪದ ನೂರನೇ ಒಂದು ಪಾಲಿಗಿಂತ ಚಿಕ್ಕವು. ಅವುಗಳ ನಡುವಿನ ಅಂತರ ನೀಲಿ ಬೆಳಕಿನ ಅಲೆಗೆ ಹೊಂದುವುದರಿಂದ ನೀಲಿ ಮಾತ್ರ ಬಲವಾಗಿ ಹಿಂದಿರುಗುತ್ತದೆ. ಉಳಿದದ್ದನ್ನು ಕೆಳಗಿನ ಕಪ್ಪು ಪದರ ನುಂಗುತ್ತದೆ.

ಬೆಳಕನ್ನು ಹಿಂದಕ್ಕೆ ಕಳಿಸದೆ ಒಳಗೆ ಬಿಟ್ಟುಕೊಳ್ಳುವ ರಚನೆಯೂ ಪ್ರಕೃತಿಯಲ್ಲಿದೆ. ರಾತ್ರಿ ಹಾರುವ ಪತಂಗದ ಕಣ್ಣಿನ ಮೇಲಿನ ಸಣ್ಣ ಗುಬುಟುಗಳನ್ನು 1960ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಗುರುತಿಸಿದರು. 1973ರಲ್ಲಿ ಬ್ರಿಟನ್ನಿನ ಕ್ಲಾಪ್‌ಹ್ಯಾಮ್ ಮತ್ತು ಹಟ್ಲಿ ಲೇಸರ್ ಬಳಸಿ ಅಂಥದ್ದೇ ಮೇಲ್ಮೈ ತಯಾರಿಸಿದರು. ಅದರಲ್ಲಿ ಬೆಳಕಿನ ಪ್ರತಿಫಲನ ತೀರಾ ಕಡಿಮೆಯಾಯಿತು.

ಇದಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ? ಪಂಪ್‌ಸೆಟ್ಟಿನ ಸೋಲಾರ್ ಪ್ಯಾನೆಲ್ ನೋಡಿ. ಬರೀ ಸಿಲಿಕಾನ್ ಆದರೆ ಬಿದ್ದ ಬೆಳಕಿನ ಸುಮಾರು ಮೂರನೇ ಒಂದು ಭಾಗ ವಾಪಸ್ ಹೋಗಿಬಿಡುತ್ತದೆ. ಅದಕ್ಕೇ ಸಿಲಿಕಾನ್ ಮೇಲೆ 70–80 ನ್ಯಾನೋಮೀಟರ್ ದಪ್ಪದ ಲೇಪ ಕೊಡುತ್ತಾರೆ. ಪ್ಯಾನೆಲ್ಲಿನ ಕಡುನೀಲಿಯೂ ಪೇಂಟ್ ಅಲ್ಲ, ಈ ಲೇಪದ್ದೇ ಕೆಲಸ.

ಈಗಿನ ಹಲವು ಪ್ಯಾನೆಲ್‌ಗಳ ಹೊರಗಾಜಿನ ಮೇಲೂ ಇಂಥ ತೆಳು ಲೇಪ ಇರುತ್ತದೆ. ಬೂದಿ, ಮರಳು, ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಾಕಿ ಉಜ್ಜಿದರೆ ಅದು ಕಿತ್ತುಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಕರೆಂಟ್ ಮಾತ್ರ ಕಡಿಮೆಯಾಗುತ್ತದೆ. ಬೆಳಗಿನ ತಂಪಿನಲ್ಲಿ ಶುದ್ಧ ನೀರು ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.