ಕುರಿಯೆಣಿಕೆಯ ಪೂರ್ವವೃತ್ತಾಂತ

ನಿದ್ರೆ ಬಾರದವನು ಕಣ್ಣುಮುಚ್ಚಿ, ಬೇಲಿಯನ್ನು ಹಾರಿಹೋಗುವ ಕುರಿಗಳನ್ನು ಮನಸ್ಸಿನಲ್ಲಿಯೇ ಒಂದೊಂದಾಗಿ ಎಣಿಸಬೇಕೆಂಬ ಉಪಾಯವು ಇಂಗ್ಲಿಷ್ ವ್ಯಾಸಂಗದ ದ್ವಾರಾ ನಮ್ಮ ವಿದ್ಯಾವಂತರಿಗೆ ಸುಪರಿಚಿತವಾಗಿದೆ. ಸಂಜೆ ಮಂದೆಯನ್ನೆಣಿಸುತ್ತಿದ್ದ ಆಂಗ್ಲ ಕುರುಬರ ವೃತ್ತಿಯಿಂದಲೇ ಇದು ಹುಟ್ಟಿತೆಂದು ಕೆಲವರು ಊಹಿಸುವುದುಂಟು. ಊಹೆ ರಮ್ಯವಾದುದು, ಆದರೆ ಗ್ರಂಥಸ್ಥವಾದ ಸಾಕ್ಷ್ಯವು ನಮ್ಮನ್ನು ಇಂಗ್ಲೆಂಡಿಗಲ್ಲ, ಸ್ಪೇನ್ ದೇಶಕ್ಕೆ ಕರೆದೊಯ್ಯುತ್ತದೆ.

ಅರಗಾನ್ ಪ್ರಾಂತದ ಹುಯೆಸ್ಕಾ ನಗರದಲ್ಲಿ ಮೋಸೆಸ್ ಎಂಬ ಯಹೂದಿ ಪಂಡಿತನು 1106ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ ಪೆಟ್ರುಸ್ ಆಲ್ಫೋನ್ಸಿಯೆಂಬ ಹೆಸರನ್ನು ತಾಳಿದನು. ಇವನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಡಿಸಿಪ್ಲಿನಾ ಕ್ಲೆರಿಕಾಲಿಸ್’ ಎಂಬ ಕಥಾಸಂಗ್ರಹಕ್ಕೆ ಅರಬ್ಬೀ ಕಥೆಗಳೂ ನೀತಿವಾಕ್ಯಗಳೂ ಆಕರವಾದುವೆಂಬುದನ್ನು ಅವನೇ ಒಪ್ಪಿಕೊಂಡಿದ್ದಾನೆ. ಅದರಲ್ಲಿ ಬರುವ ಒಂದು ಕಥೆ ಇಂತಿದೆ. ಒಬ್ಬ ಅರಸನಿಗೆ ಪ್ರತಿರಾತ್ರಿಯೂ ಐದು ಕಥೆಗಳನ್ನು ಹೇಳುವ ಕಥಕನೊಬ್ಬನಿದ್ದನು. ಚಿಂತಾಕ್ರಾಂತನಾದ ಅರಸನಿಗೆ ಒಂದು ರಾತ್ರಿ ನಿದ್ರೆ ಬಾರದೆ, ಇನ್ನೂ ಕಥೆಗಳು ಬೇಕೆಂದನು. ಕಥಕನು ಮೂರು ಚಿಕ್ಕ ಕಥೆಗಳನ್ನು ಹೇಳಿದನು. ಅರಸನು ದೀರ್ಘವಾದುದನ್ನು ಬಯಸಿದನು. ಆಗ ಕಥಕನು, ಹಳ್ಳಿಗನೊಬ್ಬನು ಸಾವಿರ ಸಾಲಿಡಸ್ ನಾಣ್ಯಗಳಿಗೆ ಎರಡು ಸಾವಿರ ಕುರಿಗಳನ್ನು ಕೊಂಡು ಹಿಂದಿರುಗುತ್ತಿರಲು ಹೊಳೆಯು ಉಕ್ಕಿ ಹರಿಯುತ್ತಿತ್ತೆಂದೂ, ಅಲ್ಲಿದ್ದ ಪುಟ್ಟ ದೋಣಿಯಲ್ಲಿ ಅವನೊಡನೆ ಎರಡೇ ಕುರಿಗಳಿಗೆ ಎಡೆಯಿತ್ತೆಂದೂ ಹೇಳಿ, ಅಷ್ಟಕ್ಕೇ ತಾನು ನಿದ್ರೆಹೋದನು. ಅರಸನು ಎಬ್ಬಿಸಲು, ಕುರಿಗಳೆಲ್ಲ ದಾಟಿದ ಮೇಲೆ ಮುಂದಿನದನ್ನು ಹೇಳುವೆನೆಂದನು.

ಲೆಕ್ಕವನ್ನು ಗಮನಿಸಬೇಕು. ಒಂದು ಕುರಿಗೆ ಆರು ದೆನಾರಿಯಸ್ ಬೆಲೆ. ಹನ್ನೆರಡು ದೆನಾರಿಯಸ್‌ಗಳಿಗೆ ಒಂದು ಸಾಲಿಡಸ್. ಎರಡು ಸಾವಿರವೆಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ, ಸರಿಯಾಗಿ ಗುಣಿಸಿ ಬಂದುದು. ದೋಣಿಯು ಸಾವಿರ ಸಲ ದಾಟಬೇಕು. ಇದಕ್ಕಿಂತ ಮುಖ್ಯವಾದುದೆಂದರೆ, ಇಲ್ಲಿ ಕುರಿಗಳಿಂದ ನಿದ್ರೆ ಪಡೆದವನು ಅರಸನಲ್ಲ, ಅವನ ಸೇವಕನು. ಒಡೆಯನ ಎಚ್ಚರಕ್ಕಾಗಿ ತನ್ನ ರಾತ್ರಿಯನ್ನು ತೆರಬೇಕಾಗಿದ್ದವನು ತನ್ನ ನಿದ್ರೆಯನ್ನು ಸಂಪಾದಿಸಿಕೊಳ್ಳಲು ಹೂಡಿದ ತಂತ್ರವಿದು. ಇಂದಿನ ರೂಢಿಯನ್ನು ವಿವರಿಸುವವರು ಈ ಅಂಶವನ್ನು ಲಕ್ಷಿಸದಿರುವುದು ಸೋಜಿಗ.

ಹದಿಮೂರನೆಯ ಶತಮಾನದ ಅಂತ್ಯಭಾಗದ ಇಟಾಲಿಯನ್ ಸಂಕಲನವಾದ ‘ನೊವೆಲ್ಲೀನೊ’ದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಅಲ್ಲಿನ ಒಡೆಯನು 1259ರಲ್ಲಿ ಮಡಿದ ಎಟ್ಸೆಲೀನೊ ದ ರೊಮಾನೊ, ಕ್ರೌರ್ಯಕ್ಕೆ ಹೆಸರಾದವನು. ಅಂಥವನ ಮುಂದೆ ಆಕಳಿಸುವುದಕ್ಕೂ ಎದೆಗಾರಿಕೆ ಬೇಕು! ಕಥಕನಿಗೆ ನಿದ್ರೆಯ ಬಯಕೆ ಬಲವಾಗಿತ್ತೆಂದು ಸಂಕಲನಕಾರನು ನೇರವಾಗಿಯೇ ಹೇಳುತ್ತಾನೆ. ದೋಣಿಯಲ್ಲಿ ಈ ಸಲ ಒಂದೇ ಕುರಿಗೆ ಎಡೆ. 1605ರಲ್ಲಿ ಸರ್ವಾಂಟಿಸ್ ಕವಿಯ ಸ್ಯಾಂಕೋ ಪಾಂಜಾ ಇದನ್ನೇ ಮುನ್ನೂರು ಆಡುಗಳ ಕಥೆಯಾಗಿ ಕತ್ತಲಲ್ಲಿ ಡಾನ್ ಕ್ವಿಕ್ಸೋಟನಿಗೆ ಹೇಳುತ್ತಾನೆ. ಕೇಳುವವನು ಎಣಿಕೆ ತಪ್ಪಿದೊಡನೆ ಕಥೆಯೂ ಮುಗಿದುಹೋಗುತ್ತದೆ. ಜಾನಪದ ವಿದ್ವಾಂಸರು ಇಂಥವನ್ನು ಮುಗಿಯದ ಕಥೆಗಳೆಂಬ ವರ್ಗಕ್ಕೆ ಸೇರಿಸಿದ್ದಾರೆ. ಒಂದು ಗುಬ್ಬಿ ಬಂದು ಒಂದು ಕಾಳನ್ನು ಒಯ್ಯುವ ನಮ್ಮ ಅಜ್ಜಿಯರ ಕಥೆಯೂ ಇದೇ ಜಾತಿಯದು.

1807ರಲ್ಲಿ ಪ್ರಕಟವಾದ ವರ್ಡ್ಸ್‌ವರ್ತ್ ಕವಿಯ ನಿದ್ರೆಯನ್ನು ಕುರಿತ ಸುನೀತಕ್ಕೆ ಬರುವ ವೇಳೆಗೆ ಕಥಕನು ಮರೆಯಾಗಿದ್ದಾನೆ. ಮಲಗಿದವನು ತಾನೊಬ್ಬನೇ ಸಾಗುವ ಕುರಿಗಳನ್ನೂ ನದಿಗಳನ್ನೂ ಭಾವಿಸಿಕೊಂಡು ನಿದ್ರೆಯನ್ನು ಕಾಣದೆ ಕಾತರಿಸುತ್ತಾನೆ. ಹೇಳುವವನ ಶ್ರಮವೂ ಕೇಳುವವನ ತವಕವೂ ಒಂದೇ ತಲೆಯಲ್ಲಿ ಸೇರಿದಲ್ಲಿ ಉಪಾಯವು ಸೋತುದು ಆಶ್ಚರ್ಯವಲ್ಲ.

2002ರಲ್ಲಿ ಆಕ್ಸ್‌ಫರ್ಡಿನ ಆಲಿಸನ್ ಹಾರ್ವಿ ಮತ್ತು ಸುಜಾನಾ ಪೇನ್ ಎಂಬ ಮನೋವಿಜ್ಞಾನಿಗಳು ನಿದ್ರಾಹೀನತೆಯುಳ್ಳ 41 ಜನರನ್ನು ಪರೀಕ್ಷಿಸಿ, ಮನಸ್ಸನ್ನು ಹಿಡಿದಿಡುವ ಪ್ರಶಾಂತ ದೃಶ್ಯವನ್ನು ಕಲ್ಪಿಸಿಕೊಂಡವರು ಯಾವ ಸೂಚನೆಯನ್ನೂ ಪಡೆಯದವರಿಗಿಂತ ಬೇಗ ನಿದ್ರಿಸಿದರೆಂದು ವರದಿಮಾಡಿದರು. ಕುರಿಯೆಣಿಕೆ ನಿಷ್ಫಲವೆಂದು ಇದರಿಂದ ಸಿದ್ಧವಾಯಿತೆಂಬ ಪ್ರಚಾರವುಂಟು. ಆದರೆ ಹೋಲಿಕೆ ನಡೆದುದು ಸಾಮಾನ್ಯ ಮನೋವಿಕ್ಷೇಪದೊಡನೆ, ಎಣಿಕೆಯೊಡನಲ್ಲ.

ಆಲ್ಫೋನ್ಸಿಯ ಗ್ರಂಥದಲ್ಲಿ ಈ ಕಥೆಯನ್ನು ಗುರುವು ಹೇಳುವುದು, ಇನ್ನಷ್ಟು ಕಥೆಗಳನ್ನು ಬೇಡುವ ಶಿಷ್ಯನಿಗೆ. ಅರಸನಿಗೆ ಆ ರಾತ್ರಿ ನಿದ್ರೆ ಬಂದಿತೇ ಎಂಬುದನ್ನು ಗುರುವು ಹೇಳುವುದಿಲ್ಲ.